ಚಿಲಕ ಆಚೆ ಕಡೆಗೆ

"ಏಣಿ ಅಲ್ಲಾಡುತ್ತೆ ಅಂತ ನಾನು ಬಂದು ಹಿಡ್ಕೊಂಡು ನಿಲ್ಲಬೇಕೇನೇ? ನಿನ್ನ ಅಂಡಿನ ಕೆಳಗೆ ನಿಂತು ಕತ್ತೆತ್ತಿ ನೋಡೋ ಕರ್ಮ ನನಗೇನು ಬಂದಿದೆ? ಹತ್ತೇ ಮುಂಡೆ, ಹತ್ತು. ಎರಡು ಗಂಟೆಗೆ ಜನ ಬರ್ತಾರೆ."

ಬಟ್ಲರು ಬಿಳಿ ಕೈಗವಸು ಹಾಕಿಕೊಂಡು ಹುಲ್ಲಿನ ಮೇಲೆ ನಿಂತಿದ್ದ. ಅವಳು ಏಣಿಯ ನಡುಮಧ್ಯದಲ್ಲಿದ್ದಳು. ಎಡಗೈಯಲ್ಲಿ ಬಕೆಟ್ಟು. ಅದರೊಳಗೆ ಫಿನಾಯಿಲು, ಉಜ್ಜುವ ಬ್ರಷ್ಷು, ಕಟ್ಟಿಕೊಂಡ ಕೊಳವೆಗೆ ತೂರುವ ಮೊಳದುದ್ದದ ಕಬ್ಬಿಣದ ಸಲಾಕೆ. ಬಿದಿರೇಣಿಯ ಒಂದು ಕಾಲು ಮಣ್ಣಿನಲ್ಲಿ ಹೂತಿತ್ತು, ಇನ್ನೊಂದು ಕಲ್ಲಿನ ಮೇಲಿತ್ತು. ಒಂದೊಂದು ಹೆಜ್ಜೆಗೂ ಏಣಿಯ ತಲೆ ಗೋಡೆಯ ಮೇಲೆ ಬೆರಳಿನಷ್ಟು ಜಾರುತ್ತಿತ್ತು.

"ನಿಮ್ಮ ಕರ್ಮ ಬೇರೆ ಇದೆ ಬಿಡಿ ಬಟ್ಲರಣ್ಣ," ಅಂದಳು ಕೆಳಗೆ ನೋಡದೆ. "ನಾನು ಬಿದ್ರೆ ಈ ಬಕೆಟ್ಟಲ್ಲಿರೋದು ನಿಮ್ಮ ಬಿಳಿ ಕೋಟಿಗೇ. ಸ್ವಲ್ಪ ದೂರ ನಿಲ್ಲಿ."

ಅವನು ನಿಜಕ್ಕೂ ಎರಡು ಹೆಜ್ಜೆ ಹಿಂದೆ ಸರಿದ.

ಕ್ಲಬ್ಬಿನಲ್ಲಿ ಅವಳಿಗೆ 'ಮೇಲಿನವಳು' ಎಂದು ಹೆಸರು. ಮೇಲಂತಸ್ತಿನ ಆರು ಕಕ್ಕಸು ತೊಳೆಯುವವಳು ಅನ್ನುವುದಕ್ಕಷ್ಟೇ. ತೊಳೆಯಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಆ ಕಟ್ಟಡದ ಮುಂದುಗಡೆ ಎಂಟು ಕಂಬವಿದೆ, ಕಂಬಗಳ ಮೇಲೆ ಕಮಾನಿದೆ, ಕಮಾನಿನ ಮೇಲೆ ಗಡಿಯಾರದ ಗೋಪುರವಿದೆ, ಒಳಗೆ ಕುಣಿಯುವ ಹಾಲು, ಬಣ್ಣದ ಗಾಜಿನ ಕಿಟಕಿ, ಕವಲೊಡೆದು ಏರುವ ಅಗಲವಾದ ಮರದ ಮೆಟ್ಟಿಲು ಇದೆ ಎಂದೆಲ್ಲ ಕೇಳಿ ಬಲ್ಲಳು. ಅವಳು ಕಂಡದ್ದು ಕಟ್ಟಡದ ಬೆನ್ನು. ಬೆನ್ನಿಗೆ ಗಾರೆ ಕಾಣದ ಇಟ್ಟಿಗೆ ಗೋಡೆ, ಗೋಡೆಗುಂಟ ಇಳಿದ ಆರು ಕೊಳವೆ, ಮೇಲೆ ಒಬ್ಬರು ನಿಂತರೆ ಅಗಲ ತುಂಬಿಹೋಗುವ ಒಂದು ಉದ್ದನೆಯ ಬಾಲ್ಕನಿ, ಬಾಲ್ಕನಿಗೆ ತೆರೆಯುವ ಆರು ಬಾಗಿಲು.

ಕಟ್ಟಿಸಿದವರು ತಲೆ ಓಡಿಸಿಯೇ ಕಟ್ಟಿಸಿದ್ದರು. ಒಂದೊಂದು ಕಕ್ಕಸಿಗೂ ಎರಡು ಬಾಗಿಲು. ಒಳಬಾಗಿಲು ಕಾರಿಡಾರಿಗೆ, ದೊಡ್ಡವರು ಬಂದು ಹೋಗುವುದಕ್ಕೆ. ಹೊರಬಾಗಿಲು ಬಾಲ್ಕನಿಗೆ, ತೊಳೆಯುವವರಿಗೆ. ಅವಳು ಹೊರಬಾಗಿಲಿಗೆ ಬ್ರಷ್ಷಿನ ಹಿಡಿಯಿಂದ ಮೂರು ಸಲ ಬಡಿಯಬೇಕು. ಒಳಗಿನ ಬೇರರು ಯಾರೂ ಇಲ್ಲವೆಂದು ನೋಡಿ, ಕಾರಿಡಾರಿನ ಕಡೆಯಿಂದ ಒಳಬಾಗಿಲಿನ ಚಿಲಕ ಹಾಕಿ, ಒಂದು ಸಲ ಬಡಿಯಬೇಕು. ಆಮೇಲೆ ಇವಳು ಬೀಗ ತೆಗೆದು ಒಳಗೆ ಕಾಲಿಡಬೇಕು. ಇಪ್ಪತ್ತೆರಡು ವರ್ಷದಲ್ಲಿ ಆ ಕಾರಿಡಾರನ್ನು ಅವಳು ಬಾಗಿಲಿನ ಕೆಳಗಿನ ಸಂದಿಯಿಂದಷ್ಟೇ ನೋಡಿದ್ದಳು. ಕೆಂಪು ಕಾರ್ಪೆಟ್ಟಿನ ಒಂದು ಅಂಚು. ಕೆಲವು ಸಲ ಬೂಟು.

ಬಾಲ್ಕನಿಯ ತುದಿಗೆ ಎರಕದ ಕಬ್ಬಿಣದ ಸುರುಳಿ ಮೆಟ್ಟಿಲು. ಇಪ್ಪತ್ತೊಂಬತ್ತು ಮೆಟ್ಟಿಲು, ಒಂದೊಂದರಲ್ಲೂ ಬಳ್ಳಿ, ಎಲೆ, ಹೂವಿನ ಆಕಾರದ ತೂತು. ಕೊಳವೆ ಬರುವ ಮುಂಚೆ ಅವಳ ಅತ್ತೆ, ಅತ್ತೆಯ ಅತ್ತೆ ತಲೆಯ ಮೇಲೆ ಡಬ್ಬ ಹೊತ್ತು ಇಳಿದದ್ದು ಅದರಲ್ಲಿ. ಅವಳ ಓರಗಿತ್ತಿ ಆ ಕತೆಯನ್ನು ನಗುತ್ತ ಹೇಳುತ್ತಿದ್ದಳು. "ಆ ಎಲೆ ತೂತಲ್ಲಿ ಮೇಲಿದ್ದವಳ ಡಬ್ಬ ತುಳುಕಿದ್ದು ಕೆಳಗಿದ್ದವಳ ನೆತ್ತಿಗೆ ಕಣೇ. ಅದಕ್ಕೇ ನಮ್ಮತ್ತೆ ಯಾವತ್ತೂ ಮೊದಲು ಇಳೀತಿರಲಿಲ್ಲ. ಜುಟ್ಟು ಹಿಡ್ಕೊಂಡು ಜಗಳ ಆಡಿಯಾದ್ರೂ ಕೊನೇಲೇ ಇಳೀತಿದ್ಲು. ಭಾರಿ ಪಾಕಡಾ ಹೆಂಗಸು."

ಈ ಓರಗಿತ್ತಿ, ಅವಳು 'ಅಕ್ಕ' ಎಂದು ಕರೆಯುವವಳು, ಒಂದೂವರೆ ತಿಂಗಳ ಹಿಂದೆ ಅದೇ ಮೆಟ್ಟಿಲಿನಿಂದ ಬಿದ್ದಿದ್ದಳು. ಹನ್ನೊಂದನೆಯ ಮೆಟ್ಟಿಲು ತುಕ್ಕು ತಿಂದು ಹಪ್ಪಳವಾಗಿತ್ತು. ಕಾಲಿಟ್ಟಳು, ಕಾಲು ಆಚೆ ಹೋಯಿತು. ಸೊಂಟದ ಮೂಳೆ ಮುರಿಯಿತು. ಆವತ್ತಿನಿಂದ ಕ್ಲಬ್ಬಿನ ಹಿಂಗೋಡೆಗೆ ಅಂಟಿದ ಕೋಣೆಯಲ್ಲಿ ಮಲಗಿದ್ದಾಳೆ. ಹೊರಳಿಸಿದರೆ ಹೊರಳುತ್ತಾಳೆ, ಇಲ್ಲದಿದ್ದರೆ ಇಲ್ಲ.

ಅಕ್ಕ ಬಿದ್ದ ಮೂರನೆಯ ದಿನ ಕಾರಿನಲ್ಲಿ ಒಬ್ಬರು ಬಂದಿದ್ದರು. ಕೈಯಲ್ಲಿ ಚರ್ಮದ ಚೀಲ, ಕುತ್ತಿಗೆಗೆ ನೇತುಬಿದ್ದ ಕನ್ನಡಕ. ಕಾರ್ಯದರ್ಶಿಯವರು ಅವಸರ ಅವಸರವಾಗಿ ಹಿತ್ತಲಿಗೆ ಕರೆದುಕೊಂಡು ಬರುತ್ತಿದ್ದರು. ಕೊನೆಗೂ ಡಾಕ್ಟರನ್ನು ಕರೆಸಿದರಲ್ಲ ಎಂದುಕೊಂಡು ಅವಳು ಎದುರಿಗೆ ಓಡಿದಳು.

"ಈ ಕಡೆ ಸಾರ್. ಒಳಗೆ ಮಲಗಿದಾಳೆ. ರಾತ್ರಿಯೆಲ್ಲ ನರಳಿದಾಳೆ."

ಅವರು ಅವಳನ್ನು ಸುತ್ತುಹಾಕಿ ಮೆಟ್ಟಿಲಿನ ಹತ್ತಿರ ಹೋಗಿ ಮೊಣಕಾಲೂರಿ ಕೂತರು. ಉದುರಿಬಿದ್ದಿದ್ದ ಕಬ್ಬಿಣದ ಚೂರು ಎತ್ತಿಕೊಂಡು ಅಂಗೈಯಲ್ಲಿಟ್ಟು ಬೆರಳಾಡಿಸಿದರು.

"ಅಯ್ಯೋ ಪಾಪ," ಅಂದರು.

ಹಳೆಯ ಕಟ್ಟಡಗಳ ಪಂಡಿತರಂತೆ. ಕ್ಲಬ್ಬಿಗೆ ನೂರ ಮೂವತ್ತು ತುಂಬುವ ದಿನ ಅದರ ಚರಿತ್ರೆ ಹೇಳುವವರು. ವಿಕ್ಟೋರಿಯಾ ರಾಣಿಯ ಕಾಲದ ಎರಕ ಇದು, ಈ ಬಳ್ಳಿಯ ಬಾಗು ನೋಡಿ, ಇಂಥದ್ದು ಇನ್ನೆಲ್ಲೂ ಉಳಿದಿಲ್ಲ, ಇನ್ನು ಮೇಲೆ ಒಂದು ಕಾಲೂ ಇದರ ಮೇಲೆ ಬೀಳಕೂಡದು ಎಂದರು. ಕಾರ್ಯದರ್ಶಿಯವರು ತಲೆಯಾಡಿಸಿದರು.

"ಯಾತಕ್ಕೆ ಅಂತ ಕಟ್ಟಿಸಿದ್ದು, ಏನಾದರೂ ದಾಖಲೆ ಇದೆಯಾ?" ಎಂದರು ಪಂಡಿತರು.

"ಸಂಜೆ ಹೊತ್ತು ಹೆಂಗಸರು ತೋಟಕ್ಕೆ ಇಳಿಯೋಕೆ ಅಂತ ನಮ್ಮ ಹಿರಿಯ ಸದಸ್ಯರು ಹೇಳ್ತಾರೆ."

"ಹೇಲು ಹೊರೋಕೆ ಸಾರ್," ಅಂದಳು ಅವಳು.

ಪಂಡಿತರು ಪುಸ್ತಕದಲ್ಲಿ ಬರೆಯುತ್ತಿದ್ದ ಕೈ ನಿಲ್ಲಿಸಿ ಕಾರ್ಯದರ್ಶಿಯವರ ಮುಖ ನೋಡಿದರು. ಕಾರ್ಯದರ್ಶಿಯವರು ನಕ್ಕು, "ಪಾಪ, ಮನೇಲಿ ಕಾಯಿಲೆ ಇದೆ ಅವಳಿಗೆ," ಎಂದು ಪಂಡಿತರ ಮೊಣಕೈ ಹಿಡಿದು ಮುಂದೆ ಕರೆದುಕೊಂಡು ಹೋದರು.

ಮಾರನೆಯ ದಿನ ಮೆಟ್ಟಿಲಿಗೆ ಕೆಳಗೆ ಸರಪಳಿ, ಮೇಲೆ ಬಾಲ್ಕನಿಯ ತುದಿಗೆ ಬೀಗ ಹಾಕಿದ ಕಬ್ಬಿಣದ ಗೇಟು ಬಂತು. ಅವಳು ಆಫೀಸಿನ ಕಿಟಕಿಯ ಹೊರಗೆ ನಿಂತು ಕೇಳಿದಳು.

"ಒಳಗಿನ ಮೆಟ್ಟಿಲಲ್ಲಿ ಹತ್ತುತೀನಿ ಸಾರ್. ಬೆಳಿಗ್ಗೆ ಆರಕ್ಕೆ ಯಾರೂ ಇರಲ್ಲ. ಕಾಲು ತೊಳ್ಕೊಂಡೇ ಬರ್ತೀನಿ."

ಕಾರ್ಯದರ್ಶಿಯವರು ಬೈಯುವವರಲ್ಲ. "ನೋಡಮ್ಮ," ಅಂದರು, "ನನಗೇನೂ ಇಲ್ಲ. ನಾನೊಬ್ಬನೇ ಆಗಿದ್ದರೆ ಇವತ್ತೇ ಹತ್ತು ಅಂತಿದ್ದೆ. ಆದರೆ ಇಲ್ಲಿ ಒಂದು ಪದ್ಧತಿ ಇದೆ. ಇವತ್ತು ನಿನಗೆ ಬಿಟ್ಟರೆ ನಾಳೆ ಮಾಲಿ ಕೇಳ್ತಾನೆ, ಅಗಸ ಕೇಳ್ತಾನೆ. ಆಮೇಲೆ ಇದು ಕ್ಲಬ್ಬಾಗಿ ಉಳಿಯುತ್ತಾ?"

"ಮತ್ತೆ ನಾನು ಹತ್ತೋದು ಹೆಂಗೆ ಸಾರ್?"

"ಅದೇನೋ ಒಂದು ವ್ಯವಸ್ಥೆ ಮಾಡೋಣ."

ವ್ಯವಸ್ಥೆ ಅಂದರೆ ಸುಣ್ಣ ಹೊಡೆಯುವವರು ಬಿಟ್ಟುಹೋಗಿದ್ದ ಬಿದಿರೇಣಿ. ಅದನ್ನು ಬಾಲ್ಕನಿಯ ಇನ್ನೊಂದು ತುದಿಗೆ ಒರಗಿಸಿದರು. ಆವತ್ತಿನಿಂದ ಅಕ್ಕನ ಬಾಯಿಗೆ ಬಿಡುವಿಲ್ಲ. "ಆ ಬೋಳೀಮಗನ ಕಬ್ಬಿಣಕ್ಕೆ ನೋವಾಗುತ್ತಂತೆ, ನಿನ್ನ ಮೂಳೆಗಾಗಲ್ಲ. ಹತ್ತಬೇಡ ಕಣೇ. ಇಬ್ರೂ ಇಲ್ಲಿ ಸಾಲಾಗಿ ಮಲಗಿದ್ರೆ ನಮ್ಮನ್ನ ಹೊರಳಿಸೋಕೆ ಯಾವನು ಬರ್ತಾನೆ? ಆ ಪಂಡಿತನ್ನ ಕರೀಬೇಕಷ್ಟೆ."

ಅವಳು ದಿನವೂ ಹತ್ತಿದಳು. ಹತ್ತುವಾಗೆಲ್ಲ ಒಂದೇ ಯೋಚನೆ: ಇವತ್ತಲ್ಲ ನಾಳೆ ಈ ಏಣಿ ಜಾರುತ್ತದೆ.

ನೂರ ಮೂವತ್ತು ತುಂಬಿದ, ಬಟ್ಲರು ಬೈದು ಏಣಿ ಹತ್ತಿಸಿದ ಆ ದಿನ ಆರನೆಯ ಕಕ್ಕಸಿನ ಕೊಳವೆ ಕಟ್ಟಿಕೊಂಡಿತ್ತು. ಐದನ್ನು ಮುಗಿಸಿ ಬೀಗ ಹಾಕಿ ಆರನೆಯದಕ್ಕೆ ಬಂದಾಗ ಒಂದು ಗಂಟೆ. ಸಲಾಕೆ ತೂರಿ, ನೀರು ಹೊಯ್ದು, ಮತ್ತೆ ತೂರಿ, ಯಾರೋ ಹಾಕಿದ್ದ ಸಿಗಾರಿನ ತುಂಡುಗಳನ್ನೂ ಒದ್ದೆ ಕರವಸ್ತ್ರವನ್ನೂ ಕೈಯಿಂದ ಎಳೆದು ತೆಗೆಯುವಷ್ಟರಲ್ಲಿ ಎರಡಾಯಿತು. ನೆಲ ಒರೆಸಿ ಬಾಲ್ಕನಿಗೆ ಬಂದಳು. ಏಣಿ ಇರಲಿಲ್ಲ.

ಕೆಳಗೆ ಹುಲ್ಲಿನ ಮೇಲೆ ಬಿಳಿ ಕುರ್ಚಿಗಳು ತುಂಬುತ್ತಿದ್ದವು. ಸುರುಳಿ ಮೆಟ್ಟಿಲಿಗೆ ಕರಿ ಬಣ್ಣ ಬಳಿದು, ಕಂಬಿಗೆ ಹೂವು ಸುತ್ತಿ, ಮುಂದೆ ಮೈಕು ನಿಲ್ಲಿಸಿದ್ದರು. ಬಟ್ಲರು ಒಂದು ಕುರ್ಚಿ ಸರಿಮಾಡುತ್ತ ತಲೆಯೆತ್ತಿದ. ಅವಳನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಬಿಳಿ ಕೈಗವಸಿನ ಕೈಯನ್ನು ಹೊಟ್ಟೆಯ ಹತ್ತಿರ ಇಟ್ಟುಕೊಂಡು, ಯಾರಿಗೂ ಕಾಣದ ಹಾಗೆ, ನಾಯಿಯನ್ನು ಓಡಿಸುವಂತೆ ಬೀಸಿದ. ಒಳಗೆ ಹೋಗು.

ಅವಳು ಒಳಗೆ ಹೋದಳು. ಅಭ್ಯಾಸ ಅಂಥದು. ಹೋಗಿ ಮುಚ್ಚಿದ ಕಮೋಡಿನ ಮೇಲೆ ಕೂತಳು. ಎರಡಕ್ಕೆ ಬರುತ್ತೇನೆಂದು ಅಕ್ಕನಿಗೆ ಹೇಳಿ ಬಂದಿದ್ದಳು.

ಮೈಕಿನಲ್ಲಿ ಪಂಡಿತರ ದನಿ ಏರಿ ಬಂತು. ಮುಂಭಾಗದ ಎಂಟು ಕಂಬಗಳ ಬಗ್ಗೆ ಹೇಳಿದರು. ಕಂಬದ ಕಲ್ಲು ಹಡಗಿನಲ್ಲಿ ಬಂದದ್ದು, ಕುಣಿಯುವ ಹಾಲಿನ ಹಲಗೆಯಡಿಯಲ್ಲಿ ಸ್ಪ್ರಿಂಗು ಕೂರಿಸಿದ್ದು, ಗಡಿಯಾರ ಮೂರು ಸಲ ನಿಂತು ಮೂರು ಸಲ ನಡೆದದ್ದು. ಕಟ್ಟಿದ ಇಂಜಿನಿಯರನ ಹೆಸರು ಬಂತು, ಹಣ ಕೊಟ್ಟವರ ಹೆಸರು ಬಂತು, ಮೊದಲ ಅಧ್ಯಕ್ಷರ ಕುದುರೆಯ ಹೆಸರೂ ಬಂತು. ಕುದುರೆಯ ಹೆಸರಿಗೆ ಚಪ್ಪಾಳೆ ಬಿತ್ತು.

"ಇನ್ನು ಈ ಸುರುಳಿ ಮೆಟ್ಟಿಲು. ಆ ಕಾಲದ ಹೆಂಗಸರು ಸಂಜೆಯ ತಂಗಾಳಿಗೆ ಇದರಲ್ಲಿ ಇಳಿದು ಬರುತ್ತಿದ್ದರು. ಈ ಎಲೆಯ ರಂಧ್ರಗಳಿಂದ ಬಿಸಿಲು ತೂರಿ ಅವರ ಮುಖದ ಮೇಲೆ ಬಳ್ಳಿಯ ನೆರಳು ಬೀಳುತ್ತಿತ್ತು ಎಂದು ನಾವು ಊಹಿಸಿಕೊಳ್ಳಬಹುದು."

ಅವಳು ಊಹಿಸಿಕೊಳ್ಳಲಿಲ್ಲ. ಅತ್ತೆಯ ನೆತ್ತಿಯಲ್ಲಿ ಕೂದಲು ಬೆಳೆಯದೆ ಉಳಿದಿದ್ದ ದುಂಡನೆಯ ಜಾಗವೊಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಕಾರಿಡಾರಿನ ಕಡೆ ಚಿಲಕ ಸರಿಯಿತು. ಒಳಬಾಗಿಲು ತೆರೆಯಿತು. ದಪ್ಪ ಮೈಯ ಅತಿಥಿಯೊಬ್ಬ ಆಗಲೇ ಪ್ಯಾಂಟಿನ ಗುಂಡಿಗೆ ಕೈಹಾಕಿಕೊಂಡು ಒಳಗೆ ಹೆಜ್ಜೆಯಿಟ್ಟವನು ಅವಳನ್ನು ನೋಡಿ ಹಾವು ಕಂಡವನಂತೆ ಹಿಂದೆ ಹಾರಿದ.

"ಥೂ. ಯಾರು ಬಿಟ್ಟಿದ್ದು ನಿನ್ನ ಇಲ್ಲಿ?"

"ತೊಳೆಯೋಳು ಸಾರ್. ಏಣಿ ತೆಗೆದುಬಿಟ್ಟಿದಾರೆ. ಹಿಂಗೇ ಈ ಕಡೆಯಿಂದ ಹೋಗಿಬಿಡ್ತೀನಿ."

"ಈ ಕಡೆಯಿಂದಾನಾ?" ಅವನು ಅವಳ ಕಾಲು ನೋಡಿದ, ಕೈಯಲ್ಲಿದ್ದ ಬಕೆಟ್ಟು ನೋಡಿದ. "ಅಲ್ಲೇ ಇರು. ಒಂದು ಹೆಜ್ಜೆ ಇಟ್ಟರೆ ನೋಡು."

ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ಬಟ್ಲರನ ದನಿ ಬಾಗಿಲ ಸಂದಿಯಿಂದ ಬಂತು.

"ಏನೇ, ಬುದ್ಧಿ ಇದೆಯೇನೇ? ದೊಡ್ಡ ಮನುಷ್ಯರ ಮುಂದೆ ಮುಖ ತೋರಿಸ್ತೀಯಲ್ಲೇ."

"ಚಿಲಕ ತೆಗೀರಿ ಬಟ್ಲರಣ್ಣ. ಎಲ್ರೂ ಕೆಳಗಿದಾರೆ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೋಗ್ತೀನಿ."

"ಕಾರ್ಪೆಟ್ ಮೇಲಾ?"

"ಅಕ್ಕನ್ನ ಹೊರಳಿಸಬೇಕು. ಬೆಳಿಗ್ಗೆಯಿಂದ ಒಂದೇ ಮಗ್ಗುಲಲ್ಲಿದಾಳೆ."

"ಆರು ಗಂಟೆವರೆಗೆ ಬಾಯಿ ಮುಚ್ಕೊಂಡು ಬಿದ್ದಿರು. ಜನ ಹೋದ್ಮೇಲೆ ಏಣಿ ಇಡ್ತೀನಿ. ಇನ್ನೊಂದು ಸಲ ಸದ್ದು ಕೇಳಿಸ್ತೋ, ನಾಳೆ ಬೆಳಿಗ್ಗೆ ನಿನ್ನ ಅಕ್ಕನ ಚಾಪೆ ರಸ್ತೇಲಿರುತ್ತೆ. ನನ್ನ ಮಾತಲ್ಲ ಇದು, ಸೆಕ್ರೆಟರಿ ಸಾಹೇಬರದು."

"ನಾನು ಇಲ್ಲಿರೋದು ಸಾಹೇಬರಿಗೆ ಗೊತ್ತಾ?"

"ಏಣಿ ತೆಗಿ ಅಂದಾಗ ನಾನು ಹೇಳಿದೆ, ಅವಳು ಮೇಲಿದಾಳೆ ಅಂತ. ಇರಲಿ ಬಿಡು ಅಂದ್ರು."

ಅವನ ಬೂಟಿನ ಸದ್ದು ಕಾರ್ಪೆಟ್ಟಿನಲ್ಲಿ ಇಂಗಿಹೋಯಿತು.

ಅವಳು ಬಾಗಿಲನ್ನು ನೋಡುತ್ತ ನಿಂತಳು. ದಪ್ಪ ಮರ, ಕೆತ್ತನೆಯ ಚೌಕಟ್ಟು. ಒದ್ದರೆ ಕಾಲು ಮುರಿಯುತ್ತದೆ, ಚಿಲಕ ಮುರಿಯುವುದಿಲ್ಲ. ಕೈ ತಂತಾನೇ ಬಾಗಿಲಿನ ಇನ್ನೊಂದು ಅಂಚಿಗೆ ಹೋಯಿತು. ಬಾಗಿಲು ಒಳಮುಖವಾಗಿ, ಕಕ್ಕಸಿನ ಕಡೆಗೆ ತೆರೆಯುವಂಥದ್ದು. ಹಾಗಾಗಿ ಅದರ ಮೂರು ಕೀಲುಗಳೂ ಈಚೆ ಕಡೆಗಿದ್ದವು. ಕಿರ್ರ್ ಅಂದರೆ ದೊಡ್ಡವರಿಗೆ ಕಿರಿಕಿರಿ ಎಂದು ತಿಂಗಳಿಗೊಮ್ಮೆ ಅವಕ್ಕೆ ಎಣ್ಣೆ ಬಿಡುವುದು ಅವಳದೇ ಕೆಲಸ. ಒಂದೊಂದು ಕೀಲಿನೊಳಗೂ ಬೆರಳುದ್ದದ ಕಬ್ಬಿಣದ ಕಡ್ಡಿ, ಎಣ್ಣೆ ಕುಡಿದು ನುಣ್ಣಗಾದದ್ದು. ನೂರ ಮೂವತ್ತು ವರ್ಷದಿಂದ ಚಿಲಕವನ್ನು ಕಾಯ್ದುಕೊಂಡವರು ಈ ಕಡೆ ಏನಿದೆ ಎಂದು ನೋಡಿರಲಿಲ್ಲ.

ಸಲಾಕೆಯ ಮೊನೆಯನ್ನು ಕೆಳಗಿನ ಕಡ್ಡಿಯ ತಳಕ್ಕೆ ಕೊಟ್ಟು, ಬ್ರಷ್ಷಿನ ಹಿಡಿಯಿಂದ ಹೊಡೆದಳು. ಮೂರನೆಯ ಏಟಿಗೆ ಕಡ್ಡಿ ಮೇಲೆದ್ದು ಕೈಗೆ ಬಂತು. ನಡುವಿನದು ಇನ್ನೂ ಸಲೀಸು. ಮೇಲಿನದಕ್ಕೆ ಕಮೋಡಿನ ಮೇಲೆ ನಿಲ್ಲಬೇಕಾಯಿತು. ಮೂರೂ ಕಡ್ಡಿಗಳನ್ನು ಬಕೆಟ್ಟಿಗೆ ಹಾಕಿ, ಅಕ್ಕನನ್ನು ಹೊರಳಿಸುವಾಗ ಕೊಡುವ ಹಾಗೆ ಬಾಗಿಲಿನಡಿ ಸೊಂಟ ಕೊಟ್ಟು ಅಲುಗಾಡಿಸಿದಳು. ಬಾಗಿಲು ಕೀಲಿನ ಕಡೆಯಿಂದ ಬಿಟ್ಟುಕೊಂಡು ಚಿಲಕದಿಂದ ಕಳಚಿ ಅವಳ ಹೆಗಲಿಗೆ ಬಂತು. ಗೋಡೆಗೆ ಒರಗಿಸಿ ಕಾರಿಡಾರಿಗೆ ಕಾಲಿಟ್ಟಳು.

ಕಾರ್ಪೆಟ್ಟು ಅವಳೆಣಿಸಿದಷ್ಟು ಮೆತ್ತಗಿರಲಿಲ್ಲ. ನಡುವೆ ಸವೆದಿತ್ತು. ಗೋಡೆಯ ತುಂಬ ಮೀಸೆಯವರ ಚಿತ್ರಗಳು, ಚೌಕಟ್ಟಿನ ಮೇಲಂಚಿನಲ್ಲಿ ಬೆರಳಿಗಂಟುವಷ್ಟು ದೂಳು. ಮೂಲೆಯಲ್ಲಿ ಜೇಡರ ಬಲೆ. ಇಲ್ಲಿನ ಕೆಲಸ ಮಾಡುವವರು ಮೈಗಳ್ಳರು ಎಂದು ಅವಳಿಗೆ ಅನ್ನಿಸಿತು. ಹೊಳೆಯುತ್ತಿದ್ದದ್ದು ಒಂದೇ: ಉಳಿದ ಐದು ಬಾಗಿಲುಗಳ ಚಿಲಕ. ಗೇಣುದ್ದದ ಹಿತ್ತಾಳೆ, ತುದಿಗೆ ಸಿಂಹದ ತಲೆ. ದಿನಾ ಯಾರೋ ತಿಕ್ಕಿ ತಿಕ್ಕಿ ಸಿಂಹದ ಮೂಗು ಸವೆದು ಮೊಂಡಾಗಿತ್ತು.

ಅವಳು ಎಡಕ್ಕೆ ತಿರುಗಿ ಹೋಗಿಬಿಡಬಹುದಿತ್ತು. ಆರಕ್ಕೆ ಮೊದಲು ಬಾಗಿಲು ಸಿಕ್ಕಿಸಿ ಏನೂ ಆಗದ ಹಾಗೆ ಇದ್ದುಬಿಡಬಹುದಿತ್ತು. ನಾಳೆ ಬೆಳಿಗ್ಗೆ ಮತ್ತೆ ಏಣಿ.

ಐದನೆಯ ಬಾಗಿಲಿನ ಸಿಂಹದ ತಲೆ ಹಿಡಿದು ಚಿಲಕ ಸರಿಸಿದಳು. ಒಳಗೆ ಹೋಗಿ ಸಲಾಕೆ ಕೊಟ್ಟಳು. ನಾಲ್ಕನೆಯದು. ಮೂರನೆಯದು. ಕೆಳಗೆ ಪಂಡಿತರು ಬಣ್ಣದ ಗಾಜಿನ ಬಗ್ಗೆ ಹೇಳುತ್ತಿದ್ದರು. ಏಟಿನ ಸದ್ದನ್ನು ಮೈಕು ನುಂಗಿಕೊಂಡಿತು. ಎರಡನೆಯದರ ಹೊತ್ತಿಗೆ ಕೈ ಕುದುರಿತ್ತು; ಕಡ್ಡಿಗೆ ಎರಡೇ ಏಟು. ಆರೂ ಬಾಗಿಲುಗಳನ್ನು ಕಾರಿಡಾರಿಗೆ ತಂದು ಮೀಸೆಯವರ ಚಿತ್ರಗಳ ಕೆಳಗೆ ಸಾಲಾಗಿ ಒರಗಿಸಿದಳು. ಆರು ಕಮೋಡುಗಳು ಕಾರಿಡಾರಿನ ಕಡೆಗೆ ಮುಖಮಾಡಿ ಫಳಫಳ ಹೊಳೆಯುತ್ತಿದ್ದವು. ಅವಳು ಚೆನ್ನಾಗಿ ತೊಳೆದಿದ್ದಳು.

ದೊಡ್ಡ ಚಪ್ಪಾಳೆ ಬಿದ್ದು ನಿಂತಿತು. ಕುರ್ಚಿಗಳು ಸರಿದವು. ಚಹಾಕ್ಕೆ ಮೇಲಿನ ಹಾಲಿಗೆ ಬರಬೇಕೆಂದು ಮೈಕು ಹೇಳಿತು.

ಅಗಲವಾದ ಮರದ ಮೆಟ್ಟಿಲಿನ ತಲೆಗೆ ಅವಳು ಬಂದಾಗ ಜನ ಹತ್ತಿ ಬರುತ್ತಿದ್ದರು. ಮುಂದೆ ಕೋಲೂರಿಕೊಂಡ ಮುದುಕರು, ಹಿಂದೆ ಹೆಂಗಸರು. ಅವಳು ಬಕೆಟ್ಟು ಹಿಡಿದು ನಡುಮಧ್ಯದಲ್ಲಿ ಇಳಿದಳು. ಮಾತು ಒಂದೊಂದಾಗಿ ನಿಂತಿತು, ಜನ ಎರಡೂ ಕಡೆಯ ಕಂಬಿಗೆ ಬೆನ್ನು ಹಚ್ಚಿದರು, ಹೆಂಗಸರು ಬಟ್ಟೆ ಒಳಗೆಳೆದುಕೊಂಡರು. ಅಷ್ಟು ಅಗಲದ ದಾರಿ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಕೆಳಗೆ ಕಾರ್ಯದರ್ಶಿಯವರು ಪಂಡಿತರ ಜೊತೆ ನಿಂತಿದ್ದರು. ಅವರ ಪಕ್ಕದಲ್ಲಿ ತಟ್ಟೆ ಹಿಡಿದ ಬಟ್ಲರು.

"ಯಾರು ನಿನಗೆ..." ಎಂದು ಕಾರ್ಯದರ್ಶಿಯವರು ಶುರುಮಾಡಿದರು. ಮೇಲಿನಿಂದ ದಪ್ಪ ಅತಿಥಿಯ ದನಿ ಬಿತ್ತು.

"ಏನ್ರೀ ಇದು, ಒಂದಕ್ಕೂ ಬಾಗಿಲೇ ಇಲ್ಲವಲ್ರೀ ಇಲ್ಲಿ."

ಕಾರ್ಯದರ್ಶಿಯವರು ಅವಳ ಬಕೆಟ್ಟಿನೊಳಗೆ ನೋಡಿದರು. ಹದಿನೆಂಟು ಕಡ್ಡಿಗಳು.

"ಬಾಗಿಲು ಹಾಕು," ಅಂದರು. ದನಿ ಮೆತ್ತಗೇ ಇತ್ತು. "ಈಗಲೇ ಹೋಗಿ ಹಾಕು. ಉಳಿದದ್ದು ಆಮೇಲೆ ಮಾತಾಡೋಣ."

"ಹಾಕ್ತೀನಿ ಸಾರ್. ಅದಕ್ಕೆ ಮೇಲೆ ಹೋಗ್ಬೇಕು." ಅವಳು ಅವರ ಮುಖವನ್ನು ನೇರವಾಗಿ ನೋಡಿದಳು. "ಯಾವ ಕಡೆಯಿಂದ ಹೋಗ್ಲಿ?"

"ಏಣಿ ತರ್ತೀನಿ ಸಾರ್," ಅಂದ ಬಟ್ಲರು. "ಎರಡು ನಿಮಿಷ."

"ಏಣಿ ಹತ್ತಲ್ಲ."

ಮೇಲೆ ಯಾರೋ ಮುದುಕರು ಕೋಲಿನಿಂದ ನೆಲ ಕುಟ್ಟುತ್ತ, ತಡೆಯೋಕಾಗಲ್ಲ ಕಣ್ರೀ, ಏನಾದ್ರೂ ಮಾಡ್ರೀ ಎಂದು ಗೋಗರೆಯುತ್ತಿದ್ದರು. ಪಂಡಿತರು ಕನ್ನಡಕ ಒರೆಸಿಕೊಂಡರು. ಕಾರ್ಯದರ್ಶಿಯವರು ಮೆಟ್ಟಿಲ ತುಂಬ ನಿಂತಿದ್ದ ಮುಖಗಳನ್ನು ನೋಡಿ, ಮೇಲಕ್ಕೆ ಗದ್ದ ತೋರಿಸಿದರು.

"ಗದ್ದ ಅಲ್ಲಾಡಿಸಿದ್ರೆ ನನಗೆ ತಿಳಿಯಲ್ಲ ಸಾರ್," ಅಂದಳು. "ಬಾಯಲ್ಲಿ ಹೇಳಿ. ಇವತ್ತಿಗೂ ಹೇಳಿ, ನಾಳೆಗೂ ಹೇಳಿ. ಎಲ್ರಿಗೂ ಕೇಳಿಸಲಿ."

ಹೇಳಿ ಬಕೆಟ್ಟನ್ನು ಕೆಳಗಿಟ್ಟಳು. ಕಡ್ಡಿಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಬಕೆಟ್ಟಿನಿಂದ ತುಳುಕಿದ ನೀರು ಕೆಳಗೂ ಹಾಸಿದ್ದ ಕೆಂಪು ಕಾರ್ಪೆಟ್ಟಿನಲ್ಲಿ ನಿಧಾನವಾಗಿ, ದುಂಡಗೆ, ಕಾರ್ಯದರ್ಶಿಯವರ ಬೂಟಿನ ಕಡೆಗೆ ಹರಡತೊಡಗಿತು. ಅವರು ಬೂಟು ಹಿಂದೆಳೆದುಕೊಂಡರು. ಬಾಯಿ ತೆರೆದರು.